ಓದದೆ ಬಿಟ್ಟ ಒಂದು ವಾಕ್ಯ

ನಾಲ್ಕೈದು ದಿನದ ಹಿಂದೆ, ಬೆಳಿಗ್ಗೆ, ನಾನು ಅಕ್ಕಿ ಗೋಣಿಯೊಳಗೆ ತಲೆ ಹಾಕಿ ಅಂಗಳದಲ್ಲಿ ನಿಂತಿದ್ದೆ. ನಗಬೇಡಿ, ಕಾರಣ ಉಂಟು. ಈಗೆಲ್ಲ ಅಕ್ಕಿ ಬರುವುದು ಹೊಳೆಯುವ ಪ್ಲಾಸ್ಟಿಕ್ ಚೀಲದಲ್ಲಿ. ಚೀಲದ ಮೇಲೆ ದೇವರ ಚಿತ್ರವೋ ನವಿಲಿನ ಚಿತ್ರವೋ ಇರುತ್ತದೆ. ಈ ಸಲ ಅಂಗಡಿಯವರು ಯಾವ ಪುಣ್ಯಕ್ಕೋ ಕುಚ್ಚಲಕ್ಕಿಯನ್ನು ಸಣಬಿನ ಗೋಣಿಯಲ್ಲಿ ಕಳಿಸಿದ್ದರು. ಅಕ್ಕಿಯನ್ನು ಡಬ್ಬಕ್ಕೆ ಸುರಿದು ಖಾಲಿ ಗೋಣಿ ಕೊಡವಿದೆ ನೋಡಿ, ಆ ವಾಸನೆ ಬಂತು. ಧೂಳು, ತೌಡು, ಬಿಸಿಲಿಗೆ ಕಾದ ನಾರು, ಎಲ್ಲೋ ಒಂದಿಷ್ಟು ಎಣ್ಣೆ. ಕೈ ತನ್ನಷ್ಟಕ್ಕೆ ಗೋಣಿಯ ಬಾಯಿ ಅಗಲಿಸಿತು, ತಲೆ ಒಳಗೆ ಹೋಯಿತು, ಮುಖ ಬಿಸಿಲಿನ ಕಡೆ ತಿರುಗಿತು. ಒಳಗೆ ಕತ್ತಲೆ. ಆ ಕತ್ತಲೆಯಲ್ಲಿ ಐದಾರು ನಕ್ಷತ್ರಗಳು.

"ಅಕ್ಕ, ಎಂತ ಮಾಡ್ತಾ ಇದ್ದೀರಿ ಮಾರಾಯ್ರೆ?"

ಸ್ವರ ಪ್ರತಿಮಾಳದ್ದು. ಶಕ್ತಿನಗರದಲ್ಲಿ ನಮ್ಮ ಪಕ್ಕದ ಮನೆಯ ಸೊಸೆ. ಮೊಬೈಲಿನಲ್ಲಿ ನಮ್ಮ ಸುತ್ತಿನ ಸುದ್ದಿ ಮಾಡುತ್ತಾಳೆ. ಎಲ್ಲಿ ದಾರಿದೀಪ ಉರಿಯುವುದಿಲ್ಲ, ಎಲ್ಲಿ ನೀರು ಬಂದಿಲ್ಲ ಎಂದು ಅಲ್ಲಿಯೇ ನಿಂತು ಹೇಳುತ್ತಾಳೆ. ಹೇಳುವಾಗ ಕೈ ಬೀಸುವುದು ಸ್ವಲ್ಪ ಹೆಚ್ಚು, ಆದರೆ ಸುಳ್ಳು ಹೇಳುವವಳಲ್ಲ. ನಾನು ಗೋಣಿಯಿಂದ ತಲೆ ಹೊರಗೆ ತೆಗೆದಾಗ ಅವಳು ನಗಲಿಲ್ಲ. ಕೂದಲಿಗೆಲ್ಲ ನಾರು ಅಂಟಿಸಿಕೊಂಡ ಹೆಂಗಸನ್ನು ಕಂಡೂ ನಗದಿದ್ದರೆ ಏನೋ ಆಗಿದೆ ಎಂದೇ ಅರ್ಥ. ಮೊಬೈಲು ನನ್ನ ಕೈಗೆ ಕೊಟ್ಟಳು. ವಕೀಲರ ನೋಟೀಸು. ಮುಚ್ಚಳವಿಲ್ಲದ ಚರಂಡಿಯ ಬಗ್ಗೆ ಅವಳು ಮಾಡಿದ ಸುದ್ದಿಯಿಂದ ಒಬ್ಬ ಅಧಿಕಾರಿಯ ಮಾನಕ್ಕೆ ಹಾನಿಯಾಗಿದೆಯಂತೆ. ಒಂದು ವಾರದೊಳಗೆ ಅದನ್ನು ತೆಗೆದುಹಾಕಿ, ಅದೇ ಮೊಬೈಲಿನಲ್ಲಿ ಮುಖ ತೋರಿಸಿ ಕ್ಷಮೆ ಕೇಳಬೇಕಂತೆ.

"ಡಿಲೀಟ್ ಮಾಡ್ಲಾ ಅಕ್ಕ? ಮನೆಯಲ್ಲಿ ಇವರು ಬೈತಾ ಇದ್ದಾರೆ. ಅತ್ತೆ ಬೆಳಿಗ್ಗೆಯಿಂದ ಮಾತಾಡ್ಲಿಲ್ಲ."

"ಬಾ, ಚಾ ಕುಡಿ. ಒಂದು ಕಥೆ ಹೇಳ್ತೇನೆ."

"ಕಥೆ ಎಂತಕ್ಕೆ ಅಕ್ಕ? ಉಪಾಯ ಹೇಳಿ."

ಉಪಾಯ ನನ್ನಲ್ಲಿ ಎಲ್ಲಿಂದ ಬರಬೇಕು? ಇದ್ದದ್ದು ಕಥೆಯೇ. ಅವಳಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಚಾ ಮಾತ್ರ ನೀವೇ ಮಾಡಿಕೊಳ್ಳಬೇಕು.

ನೇತ್ರಾವತಿಯ ಸೇತುವೆ ದಾಟಿದರೆ ತೊಕ್ಕೊಟ್ಟು. ಇಪ್ಪತ್ತು ವರ್ಷಗಳ ಹಿಂದೆಯೂ ಅಲ್ಲಿ ಬಸ್ಸಿನ ಹಾರನ್ನಿನಿಂದ ಕಿವಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆ ಗದ್ದಲದಿಂದ ಒಂದು ಓಣಿ ಒಳಗೆ ಉಸ್ಮಾನಾಕನ ಗೋಣಿ ಅಂಗಡಿ. ಹೆಸರು ಉಸ್ಮಾನ್. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು ಹಿರಿಯರ ಹೆಸರಿಗೆ 'ಕಾಕ' ಸೇರಿಸಿ 'ಆಕ' ಎಂದು ಎಳೆಯುವ ಕ್ರಮದಂತೆ ಊರಿಗೆಲ್ಲ ಉಸ್ಮಾನಾಕ. ಅಜ್ಜನ ಕಾಲದಿಂದ ಹಳೆ ಗೋಣಿಯ ವ್ಯಾಪಾರ. ಅಕ್ಕಿ ಮಿಲ್ಲು, ಗೇರುಬೀಜದ ಕಾರ್ಖಾನೆಗಳಿಂದ ಗೋಣಿ ತಂದು, ಕೊಡವಿ, ತೇಪೆ ಹಾಕಿ ಮತ್ತೆ ಮಾರುವುದು. ತಮ್ಮಂದಿರಿಬ್ಬರು ದುಬಾಯಿಗೆ ಹೋದರು. ಇವರು ಹೋಗಲಿಲ್ಲ. ಕಾರಣ ಕೇಳಿದರೆ, "ಅಲ್ಲಿ ಕನ್ನಡ ಪೇಪರ್ ಮೂರು ದಿನ ತಡವಾಗಿ ಬರ್ತದಂತೆ" ಎನ್ನುತ್ತಿದ್ದರು. ತಮಾಷೆಯಲ್ಲ, ನಿಜವಾಗಿಯೂ ಅದೇ ಕಾರಣ. ಅಂಥ ಮನುಷ್ಯ ಅಂಗಡಿಯ ಮಾಳಿಗೆಯಲ್ಲಿ ನಾಲ್ಕು ಪುಟದ ಒಂದು ವಾರಪತ್ರಿಕೆ ನಡೆಸುತ್ತಿದ್ದರು. ಅದರ ಹೆಸರು ಈಗ ಯಾರಿಗೂ ನೆನಪಿಲ್ಲ, ಹಾಗಾಗಿ ನಾನೂ ಹೇಳುವುದಿಲ್ಲ. ಅದರ ಏಕೈಕ ವರದಿಗಾರ್ತಿ ನಾನು. ಡಿಗ್ರಿ ಮುಗಿಸಿ ವಾಮಂಜೂರಿನ ಮನೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ. ಸಂಜೆ ಮನೆಗೆ ಹೋದರೆ ಅಮ್ಮ ಬಾಗಿಲಲ್ಲೇ, "ಮೊದಲು ಸ್ನಾನ ಮಾಡು, ಗೋಣಿ ವಾಸನೆ" ಎನ್ನುತ್ತಿದ್ದರು.

ಉಸ್ಮಾನಾಕನ ಅಂಗಡಿಯಲ್ಲಿ ಒಂದು ಕ್ರಮವಿತ್ತು. ಗಿರಾಕಿ ಬಂದರೆ ಗೋಣಿಯನ್ನು ಮಡಿಸಿ ಕೊಡುವ ಹಾಗಿಲ್ಲ. ಮೊದಲು ಗಿರಾಕಿಯ ತಲೆಯ ಮೇಲೆ ಗೋಣಿ ಕವುಚಿ, ಹೆಗಲು ಹಿಡಿದು ಬಾಗಿಲಿನ ಬೆಳಕಿಗೆ ತಿರುಗಿಸಬೇಕು. ಗೋಣಿಯಲ್ಲಿ ತೂತಿದ್ದರೆ ಒಳಗೆ ನಕ್ಷತ್ರದ ಹಾಗೆ ಕಾಣುತ್ತದೆ. "ಕಂಡಿತಾ? ಎಷ್ಟು ಉಂಟು? ಆಯ್ತು, ಈಗ ಬೇಕಾದರೆ ತೆಗೊಳ್ಳಿ." ದೊಡ್ಡ ದೊಡ್ಡ ಸಾಹುಕಾರರು ತಲೆಗೆ ಗೋಣಿ ಹಾಕಿಕೊಂಡು ಮದುಮಗಳ ಹಾಗೆ ತಿರುಗುವುದನ್ನು ನೋಡಬೇಕಿತ್ತು ನೀವು.

ಅದೇ ಕ್ರಮವನ್ನು ಅವರು ಮಾಳಿಗೆಗೂ ಹತ್ತಿಸಿದ್ದರು. ಯಾರ ತಪ್ಪಿನ ಬಗ್ಗೆ ನಾವು ಬರೆಯುತ್ತೇವೆಯೋ ಅವರ ಮುಂದೆ ಹೋಗಿ ಕುಳಿತು, ಅಚ್ಚಾಗುವ ಮೊದಲು ಅದನ್ನು ಗಟ್ಟಿಯಾಗಿ ಓದಬೇಕು. ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂದಿತ್ತು.

"ಅವರ ಒಪ್ಪಿಗೆ ನಮಗೆ ಎಂತಕ್ಕೆ ಉಸ್ಮಾನಾಕ?"

"ಒಪ್ಪಿಗೆ ಯಾರು ಕೇಳಿದ್ದು ಮಾರಾಯ್ತಿ? ನೀನು ಓದು, ಅವರು ಎಂತ ಹೇಳ್ತಾರೋ ಅದನ್ನು ಕೊನೆಯಲ್ಲಿ ಸೇರಿಸು. ಹಾಕಬೇಡ ಅಂದ್ರೂ ಹಾಕುವುದೇ. ಆದರೆ ಗೋಣಿಯನ್ನು ಹಿಂದಿನಿಂದ ಯಾರ ತಲೆಗೂ ಹಾಕಬಾರದು. ಮುಂದೆ ನಿಂತು ಹಾಕಬೇಕು."

ಇನ್ನು ನನ್ನ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲವಾದರೆ ಮುಂದಿನದ್ದು ಅರ್ಥವಾಗುವುದಿಲ್ಲ. ನಮ್ಮ ಮನೆಮಾತು ತುಳು. ಕನ್ನಡ ನನ್ನ ನಾಲಗೆಗೆ ಬಂದದ್ದು ಅಜ್ಜಿಯ ಪಕ್ಕದಲ್ಲಿ. ಮಸ್ಕತ್‌ನಲ್ಲಿದ್ದ ಮಾವ ಕನ್ನಡದಲ್ಲಿ ಬರೆಯುತ್ತಿದ್ದ ಕಾಗದಗಳನ್ನು ಅಜ್ಜಿಗೆ ಓದಿ ಹೇಳುವ ಕೆಲಸ ನನ್ನದು. ಮಾವನ ಕಾಗದದಲ್ಲಿ ಒಮ್ಮೊಮ್ಮೆ ಅಜ್ಜಿಗೆ ನೋವಾಗುವ ಸಾಲುಗಳಿರುತ್ತಿದ್ದವು. ಜ್ವರ ಬಂದು ಮಲಗಿದ್ದು, ಈ ವರ್ಷವೂ ರಜೆ ಸಿಗದ್ದು. ಹತ್ತು ವರ್ಷದ ನಾನು ಆ ಸಾಲುಗಳ ಮೇಲಿಂದ ಹಾರಿ, ಸ್ವರ ನಡುಗದ ಹಾಗೆ ಮುಂದಿನ ಸಾಲಿಗೆ ಇಳಿಯುವುದನ್ನು ಕಲಿತಿದ್ದೆ. ಅಜ್ಜಿ ಒಂದು ದಿನವೂ ಕಂಡುಹಿಡಿಯಲಿಲ್ಲ. ಕಂಡುಹಿಡಿದರೂ ಹೇಳಲಿಲ್ಲವೋ, ಅದು ಬೇರೆ. ನನ್ನ ಈ ಜಾಣತನದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು ಎಂದರೆ ನಂಬಿ.

ಆಗ ಒಂದು ಸಂಕದ ಸುದ್ದಿ ಬಂತು. ಸಂಕವೆಂದರೆ ತೋಡು, ಅಂದರೆ ಸಣ್ಣ ಹಳ್ಳ, ದಾಟಲಿಕ್ಕೆ ಹಾಕಿದ ಕಾಲುಸೇತುವೆ. ಎಲ್ಲಿ ಎಂದು ಹೇಳುವುದಿಲ್ಲ, ಯಾವ ಇಲಾಖೆಯದ್ದು ಎಂದೂ ಹೇಳುವುದಿಲ್ಲ. ಬೆಳಿಗ್ಗೆ ಸಂಜೆ ಶಾಲೆಯ ಮಕ್ಕಳು ಅದರ ಮೇಲಿಂದ ಸಾಲಾಗಿ ನಡೆಯುತ್ತಿದ್ದರು. ಸಂಕ ದುರಸ್ತಿಯಾಗಿದೆ ಎಂದು ಕಾಗದದಲ್ಲಿತ್ತು. ಆದರೆ ಸಂಕಕ್ಕೆ ಹಳದಿ ಕಪ್ಪು ಪಟ್ಟಿಯ ಬಣ್ಣ ಬಳಿದದ್ದಷ್ಟೇ. ಕೆಳಗೆ ತೋಡಿಗಿಳಿದು ನೋಡಿದರೆ ಕಾಂಕ್ರೀಟು ಉದುರಿ ಕಬ್ಬಿಣ ಹೊರಗೆ ಕಾಣುತ್ತಿತ್ತು. ಸೀರೆ ಎತ್ತಿ ಕಟ್ಟಿ ನಾನೇ ಇಳಿದು ನೋಡಿದ್ದೆ. ಕೆಲಸ ಪೂರ್ಣವಾಗಿದೆ ಎಂದು ಸಹಿ ಮಾಡಿದ ಇಂಜಿನಿಯರ್ ಸಾಹೇಬರ ಸಹಿಯ ಕೆಳಗೆ ತಾರೀಕು ಇತ್ತಲ್ಲ, ಆ ದಿನ ತೋಡು ತುಂಬಿ ಸಂಕದ ಮೇಲೆಯೇ ನೀರು ಹರಿಯುತ್ತಿತ್ತು. ಮಕ್ಕಳಿಗೆ ಶಾಲೆಗೆ ರಜೆ ಕೊಟ್ಟಿದ್ದರು. ಸಾಹೇಬರೂ ಆ ವಾರವಿಡೀ ರಜೆಯಲ್ಲಿದ್ದರು, ಫೈಲು ಮನೆಗೇ ಹೋಗಿತ್ತು ಎಂದು ಅವರ ಆಫೀಸಿನಲ್ಲೇ ಹೇಳಿದರು. ನಾನು ಬರೆದೆ: "ಸಂಕವನ್ನು ಕಣ್ಣಿಂದ ನೋಡದೆ, ಮನೆಯಲ್ಲೇ ಕುಳಿತು, ಕೆಲಸ ಪೂರ್ಣಗೊಂಡಿದೆ ಎಂದು ಇಂಜಿನಿಯರರು ಸಹಿ ಮಾಡಿದ್ದಾರೆ."

ಓದಲಿಕ್ಕೆ ಅವರ ಮನೆಗೆ ಹೋದೆ. ಭಾನುವಾರ ಬೆಳಿಗ್ಗೆ. ಬಾಗಿಲು ತೆರೆದವರು ಅವರ ಅಮ್ಮ. ಕಪ್ಪು ಕನ್ನಡಕ ಹಾಕಿದ್ದ, ಪುಟ್ಟ ದೇಹದ ಮುದುಕಿ. "ಬಲ ಮಗಾ, ಬಲ" ಎಂದು ತುಳುವಿನಲ್ಲಿ ಕರೆದು ಕೂರಿಸಿದರು. ಯಾರ ಮನೆಯ ಹುಡುಗಿ, ಎಷ್ಟು ಮಂದಿ ಅಣ್ಣತಮ್ಮಂದಿರು, ಮದುವೆ ಆಗಿದೆಯಾ, ಎಲ್ಲ ಕೇಳಿದರು. ಗೋಳಿಬಜೆ ತಂದಿಟ್ಟರು. "ಬೆಂದಿದೆಯಾ ನೋಡು. ನನಗೆ ಸರಿ ಕಾಣುವುದಿಲ್ಲ. ಕಣ್ಣಿನ ಪೊರೆ ಆಪರೇಷನ್ ಆಗಿ ಒಂದು ತಿಂಗಳಾಯಿತು ಅಷ್ಟೆ. ಮಗ ಒಂದು ವಾರ ರಜೆ ಹಾಕಿ ನನ್ನ ಬುಡದಲ್ಲೇ ಕೂತಿದ್ದ. ಕಣ್ಣಿಗೆ ಮದ್ದು ಬಿಡ್ಲಿಕ್ಕೂ ಅವನೇ, ಗಂಜಿ ಕುಡಿಸ್ಲಿಕ್ಕೂ ಅವನೇ. ಈಗಿನ ಕಾಲದಲ್ಲಿ ಯಾರು ಮಾಡ್ತಾರೆ ಹೇಳು?"

ಆ ವಾರ ಯಾವ ವಾರ ಎಂದು ನನಗೆ ಗೊತ್ತಾಗಿಹೋಯಿತು. ಅರ್ಧ ಕಚ್ಚಿದ ಗೋಳಿಬಜೆಯನ್ನು ತಟ್ಟೆಯ ಅಂಚಿಗೆ ಇಟ್ಟೆ.

ಸಾಹೇಬರು ಬಂದು ಕುಳಿತರು. ಗಂಭೀರ ಮನುಷ್ಯ, ಒರಟರಲ್ಲ. ಅಮ್ಮನೂ ಅಲ್ಲೇ ಗೋಡೆಗೆ ಒರಗಿ ಕುಳಿತರು. ನಾನು ಓದಿದೆ. ಬಣ್ಣದ ಬಗ್ಗೆ ಓದಿದೆ, ಹೊರಗೆ ಕಾಣುವ ಕಬ್ಬಿಣದ ಬಗ್ಗೆ ಓದಿದೆ. ಆ ವಾಕ್ಯ ಬಂತು. ಕಪ್ಪು ಕನ್ನಡಕ ನನ್ನ ಕಡೆಗೇ ತಿರುಗಿತ್ತು. ಹತ್ತು ವರ್ಷದ ಹುಡುಗಿ ನನ್ನೊಳಗೆ ಎದ್ದು, ಆ ಸಾಲಿನ ಮೇಲಿಂದ ಹಾರಿ, ಮುಂದಿನ ಸಾಲಿಗೆ ಇಳಿದಳು. ಸ್ವರ ನಡುಗಲಿಲ್ಲ.

"ಕಂಟ್ರಾಕ್ಟರಿನವರನ್ನು ಕೇಳ್ತೇನೆ ಅಂತ ಬರೀರಿ" ಎಂದರು ಸಾಹೇಬರು. ಬರೆದುಕೊಂಡೆ. ಬರುವಾಗ ಅಮ್ಮ ಗೋಳಿಬಜೆಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು. ಶನಿವಾರ ಪತ್ರಿಕೆ ಬಂತು. ಓದದೆ ಬಿಟ್ಟ ವಾಕ್ಯ ಅದರಲ್ಲಿ ಅಚ್ಚುಕಟ್ಟಾಗಿ ಕುಳಿತಿತ್ತು.

ಆಮೇಲೆ ನೋಟೀಸು ಬಂತು. ಆಗ ನೋಟೀಸು ಬರುತ್ತಿದ್ದದ್ದು ಪೋಸ್ಟಿನಲ್ಲಿ, ಸಹಿ ಹಾಕಿ ತೆಗೆದುಕೊಳ್ಳಬೇಕು. ಅದರಲ್ಲಿ ಸಾಹೇಬರ ದೂರು ಆ ಒಂದು ವಾಕ್ಯದ ಮೇಲೆಯೇ. ವರದಿಗಾರ್ತಿ ಮನೆಗೆ ಬಂದು ತಾಯಿಯ ಎದುರು ವರದಿ ಓದಿದ್ದಾಳೆ, ಈ ವಾಕ್ಯವನ್ನು ಮಾತ್ರ ಬೇಕೆಂದೇ ಮುಚ್ಚಿಟ್ಟು ಆಮೇಲೆ ಅಚ್ಚುಹಾಕಿ ಮಾನ ತೆಗೆದಿದ್ದಾಳೆ. ಪತ್ರಿಕೆ ಇಡೀ ವರದಿಗೆ ವಿಷಾದ ಪ್ರಕಟಿಸಬೇಕು.

ಉಸ್ಮಾನಾಕ ಕನ್ನಡಕ ಹಣೆಗೇರಿಸಿ ಕೇಳಿದರು: "ಎಲ್ಲ ಓದಿದ್ದಿ ಅಲ್ವಾ ಮಾರಾಯ್ತಿ?"

"ಓದಿದ್ದೇನೆ" ಎಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ, ಅದು ಸುಳ್ಳೆಂದು ನನಗೆ ತಿಳಿದದ್ದು ಮಾಳಿಗೆಯ ಏಣಿ ಇಳಿದ ಮೇಲೆ. ಅವರು ನನ್ನ ಮಾತನ್ನೇ ನಂಬಿ ಉತ್ತರ ಬರೆಸಿದರು: ಒಂದು ಅಕ್ಷರವನ್ನೂ ಬಿಡದೆ ಓದಲಾಗಿದೆ.

ಸಂಧಾನಕ್ಕೆ ದಾರಿ ಇರಲಿಲ್ಲವೆಂದಲ್ಲ. ನಮ್ಮ ವಕೀಲರು ಒಳ್ಳೆಯವರು, ಅಂಗಡಿಗೇ ಬಂದು ಬುದ್ಧಿ ಹೇಳಿದರು. "ನಾಲ್ಕು ಸಾಲು ವಿಷಾದ ಹಾಕಿಬಿಡಿ ಉಸ್ಮಾನಾಕ. ದೊಡ್ಡ ದೊಡ್ಡ ಪೇಪರಿನವರೇ ಹಾಕ್ತಾರೆ. ನಾಳೆಗೆ ಯಾರಿಗೂ ನೆನಪಿರುವುದಿಲ್ಲ."

"ನಾನು ವಿಷಾದ ಹಾಕಿದ್ರೆ ಸಂಕ ಗಟ್ಟಿ ಉಂಟು ಅಂತ ಆಗ್ತದಲ್ಲ ವಕೀಲರೇ. ಮಕ್ಕಳ ತಾಯಂದಿರು ಅದನ್ನು ಓದಿ ಮಕ್ಕಳನ್ನು ಕಳಿಸ್ತಾರೆ. ಈಗ ಕೆಲವರಾದ್ರೂ ಸುತ್ತು ಹಾಕಿ ಕರ್ಕೊಂಡು ಹೋಗ್ತಾ ಇದ್ದಾರೆ."

ವಿಷಾದ ಹಾಕಲಿಲ್ಲ. ಸಾಹೇಬರು ಕೋರ್ಟಿಗೆ ಹೋದರು. ಉಸ್ಮಾನಾಕ ಒಂದನೇ ಆರೋಪಿ, ನಾನು ಎರಡನೇ ಆರೋಪಿ.

ಕೋರ್ಟಿನ ಅನುಭವವಿಲ್ಲದವರು ಶಿಕ್ಷೆಯೆಂದರೆ ತೀರ್ಪಿನ ದಿನ ಸಿಗುವುದೆಂದು ತಿಳಿದಿರುತ್ತಾರೆ. ಹಾಗಲ್ಲ. ಅದು ಕಂತಿನಲ್ಲಿ ಸಿಗುತ್ತದೆ. ಇವತ್ತು ಬನ್ನಿ, ಇವತ್ತಿಲ್ಲ, ಮುಂದಿನ ತಿಂಗಳು ಬನ್ನಿ. ಹೋದ ದಿನವೆಲ್ಲ ಅಂಗಡಿಗೆ ಬೀಗ, ಪತ್ರಿಕೆಗೆ ಸುದ್ದಿಯಿಲ್ಲ. ಉಸ್ಮಾನಾಕ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಮುಂಡು ಉಟ್ಟು, ಕೇಸಿನ ಕಾಗದವನ್ನೆಲ್ಲ ಸಣ್ಣ ಗೋಣಿಯೊಂದರಲ್ಲಿ ಹಾಕಿಕೊಂಡು ನಿಕಾಹಿಗೆ ಹೊರಟವರ ಹಾಗೆ ಬರುತ್ತಿದ್ದರು. ಅವರಿಗೆ ಹೆದರಿಕೆ ಇತ್ತೋ ಇಲ್ಲವೋ ತಿಳಿಯದು. ನನಗಂತೂ ಇತ್ತು. ಆ ವರ್ಷವೇ ನನಗೊಂದು ಸಂಬಂಧ ಬಂದಿತ್ತು. ಜಾತಕ ಕೂಡಿತು, ಹುಡುಗ ಒಪ್ಪಿದ, ಆಮೇಲೆ ಯಾರೋ ಹೇಳಿದರು, ಹುಡುಗಿ ಯಾವುದೋ ಕೇಸಿನಲ್ಲಿ ಎರಡನೇ ಆರೋಪಿಯಂತೆ. ಸಂಬಂಧ ಬಂದ ದಾರಿಯಲ್ಲೇ ಹೋಯಿತು. ಅಮ್ಮ ಮಾತ್ರ, "ಒಂದನೇ ಆದ್ರೂ ಆಗಿದ್ರೆ ಒಂದು ಮರ್ಯಾದೆ" ಎಂದು ಅಳುತ್ತಲೇ ನಕ್ಕರು.

ಕೋರ್ಟಿನ ಜಗಲಿಯಲ್ಲಿ ನೆರಳಿರುವುದು ಒಂದೇ ಮೂಲೆಯಲ್ಲಿ. ದೂರು ಕೊಟ್ಟವರೂ ಆರೋಪಿಗಳೂ ಅಲ್ಲೇ ನಿಲ್ಲಬೇಕು. ಮೊದಮೊದಲು ಸಾಹೇಬರು ಮುಖ ತಿರುಗಿಸುತ್ತಿದ್ದರು. ಆರೇಳು ವಾಯಿದೆ ಕಳೆಯುವಷ್ಟರಲ್ಲಿ ಉಸ್ಮಾನಾಕ ಕಡ್ಲೆಯ ಪೊಟ್ಟಣ ಅವರ ಕಡೆಗೂ ಚಾಚುವುದು, ಅವರು ನಾಲ್ಕು ಕಾಳು ಎತ್ತಿಕೊಳ್ಳುವುದು ನಡೆಯಿತು. ಒಂದು ದಿನ ಸಾಹೇಬರು ನನ್ನನ್ನು ನೋಡಿ, ಬೇಕೋ ಬೇಡವೋ ಎನ್ನುವ ಹಾಗೆ ಹೇಳಿದರು:

"ಅಮ್ಮ ಕೇಳ್ತಾ ಇರ್ತಾರೆ, ಆ ಹುಡುಗಿಗೆ ಮದುವೆ ಆಯ್ತಾ ಅಂತ."

ಅಷ್ಟೇ. ಆ ಮುದುಕಿಗೆ ನೋವಾಗಬಾರದು ಎಂದು ನಾನು ಒಂದು ಸಾಲು ಹಾರಿದ್ದು. ಅದರಿಂದ ಅವರ ಮಗ ಕೋರ್ಟಿಗೆ ಬಂದ, ಉಸ್ಮಾನಾಕನ ಮಾತು ಸುಳ್ಳಾಯಿತು, ಸಂಕ ಹಾಗೆಯೇ ಉಳಿಯಿತು.

ಹಿಂದೆ ಬರುವಾಗ ಬಸ್ಸು ನೇತ್ರಾವತಿಯ ಸೇತುವೆಯ ಮೇಲೆ ನಿಂತಿತ್ತು, ಮುಂದೆ ಏನೋ ಬ್ಲಾಕು. ನೀರು ನೋಡುತ್ತಲೇ ಹೇಳಿಬಿಟ್ಟೆ. "ಉಸ್ಮಾನಾಕ, ನಾನು ಆ ವಾಕ್ಯ ಓದ್ಲಿಲ್ಲ. ನಿಮ್ಮ ಹತ್ತಿರ ಸುಳ್ಳು ಹೇಳಿದೆ."

ಬಸ್ಸು ಹೊರಟಿತು, ತೊಕ್ಕೊಟ್ಟು ಬಂತು, ಇಳಿದೆವು. ಉಸ್ಮಾನಾಕ ಅಂಗಡಿಯ ಬೀಗ ತೆಗೆದು, ಒಂದು ಗೋಣಿ ಎತ್ತಿ, ಅದರ ತೂತಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. "ಹೀಗೆ ಮಾಡಿದ್ದಿ ನೀನು. ತೋರಿಸುವಾಗ ಬೆರಳು ಅಡ್ಡ ಇಟ್ಟಿದ್ದಿ. ಪಾಪ ಅಂತ ಇಟ್ಟದ್ದು, ಗೊತ್ತಾಗ್ತದೆ. ಆದರೆ ಅವರು ಮನೆಗೆ ಹೋಗಿ ಅಕ್ಕಿ ಹಾಕಿದ್ರು, ಅಕ್ಕಿ ಚೆಲ್ಲಿತು."

"ಕೆಲಸ ಬಿಡ್ತೇನೆ ಉಸ್ಮಾನಾಕ."

"ನೀನು ಬಿಟ್ರೆ ಓದ್ಲಿಕ್ಕೆ ಯಾರು ಹೋಗುವುದು? ನನ್ನ ಕನ್ನಡ ಕೇಳಿದ್ರೆ ಅವರು ಇನ್ನೊಂದು ಕೇಸು ಹಾಕ್ತಾರೆ."

ಹೀಗೆ ಹೇಳಿ ನಕ್ಕರು. ನಗುವಾಗ ಕಣ್ಣು ಒದ್ದೆಯಾಗಿತ್ತು. ಗೋಣಿಯ ಧೂಳಿಗೂ ಇರಬಹುದು.

ಅಲ್ಲೇ ಕುಳಿತು ಅವರು ಬರೆದರು. ಇಂಥ ದಿನ ಪ್ರಕಟವಾದ ಸಂಕದ ವರದಿಯನ್ನು ನಮ್ಮ ಕ್ರಮದಂತೆ ಇಂಜಿನಿಯರರ ಮುಂದೆ ಓದಿದ್ದೆವು. ಆದರೆ ಈ ಒಂದು ವಾಕ್ಯವನ್ನು ಓದಿರಲಿಲ್ಲ. ಓದಿದ್ದೇವೆಂದು ಹೇಳಿದ್ದು ಸುಳ್ಳು. ಅದು ಪತ್ರಿಕೆಯ ತಪ್ಪು, ಅದಕ್ಕೆ ವಿಷಾದಿಸುತ್ತೇವೆ. ವಾಕ್ಯ ಮಾತ್ರ ನಿಜ, ಅದಕ್ಕೆ ವಿಷಾದಿಸುವುದಿಲ್ಲ. ವಕೀಲರಿಗೆ ತೋರಿಸಿದಾಗ ಅವರು ತಲೆಯ ಮೇಲೆ ಕೈಹೊತ್ತು ಕುಳಿತರು. "ಅವರ ಕೈಗೆ ನೀವೇ ಸಾಕ್ಷಿ ಬರೆದು ಕೊಡುವುದಾ? ನಿಮ್ಮ ಪರವಾಗಿ ನಾನು ಎಂತ ವಾದ ಮಾಡ್ಲಿ?"

"ನಿಜ ಹೇಳಿದ್ದಾರೆ ಅಂತ ಮಾಡಿ" ಎಂದರು ಉಸ್ಮಾನಾಕ.

ಕ್ರಮ ಬಿಡುವ ಹಾಗಿಲ್ಲವಲ್ಲ. ಅದನ್ನೂ ಅಚ್ಚಿಗೆ ಮೊದಲು ಓದಬೇಕು. ಮತ್ತೆ ಒಂದು ಭಾನುವಾರ ಅದೇ ಮನೆಯ ಬಾಗಿಲು ತಟ್ಟಿದೆ. ಸಾಹೇಬರಿಗೆ ನನ್ನನ್ನು ಕಂಡು ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. "ವಕೀಲರ ಮೂಲಕ ಬರಬೇಕು ನೀವು" ಎಂದರು. ಒಳಗಿನಿಂದ ಅಮ್ಮ, "ಯಾರು, ಆ ಹುಡುಗಿಯಾ? ಬಲ ಮಗಾ" ಎಂದು ಬಂದರು. ಈಗ ಕಪ್ಪು ಕನ್ನಡಕವಿರಲಿಲ್ಲ. ಸ್ವಚ್ಛವಾದ, ತಿಳಿಯಾದ ಎರಡು ಕಣ್ಣುಗಳು. ಆ ಕಣ್ಣುಗಳ ಎದುರಿಗೇ ನಾನು ಓದಿದೆ. ಸಂಕವನ್ನು ಕಣ್ಣಿಂದ ನೋಡದೆ, ಮನೆಯಲ್ಲೇ ಕುಳಿತು. ಸ್ವರ ನಡುಗಿತು. ನಡುಗಲಿ ಎಂದು ಬಿಟ್ಟೆ.

ಅಮ್ಮ ತಾರೀಕು ಯಾವುದೆಂದು ಕೇಳಿದರು. ಹೇಳಿದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಆಮೇಲೆ ಮಗನ ಕಡೆ ತಿರುಗಿ, ಬೈಯುವ ಸ್ವರದಲ್ಲಲ್ಲ, ಗಂಜಿಗೆ ಉಪ್ಪು ಸಾಕಾ ಎಂದು ಕೇಳುವ ಸ್ವರದಲ್ಲಿ, ತುಳುವಿನಲ್ಲಿ ಕೇಳಿದರು. ಕನ್ನಡದಲ್ಲಿ ಹೇಳಿದರೆ ಹೀಗೆ:

"ಅದು ನನ್ನ ಆಪರೇಷನ್ನಿನ ವಾರ ಅಲ್ವಾ? ಕಟ್ಟು ಕಟ್ಟಿದ್ದು ನನ್ನ ಕಣ್ಣಿಗೆ. ನಿನ್ನ ಕಣ್ಣಿಗೆ ಎಂತ ಆಗಿತ್ತು ಮಗಾ?"

ಸಾಹೇಬರು ಉತ್ತರ ಕೊಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ, "ಆಯ್ತು, ನೀವು ಹೊರಡಿ" ಎಂದು ನನಗೆ ಹೇಳಿದರು. ಆ ದಿನ ಯಾರೂ ಗೋಳಿಬಜೆ ಕಟ್ಟಿಕೊಡಲಿಲ್ಲ.

ಶನಿವಾರ ನಮ್ಮ ತಪ್ಪೊಪ್ಪಿಗೆ ಅಚ್ಚಾಯಿತು. ಹದಿನೈದು ದಿನದಲ್ಲಿ ಸಂಕಕ್ಕೆ ಅಡ್ಡ ಬಿದಿರು ಕಟ್ಟಿದರು. ಮಳೆಗಾಲ ಹಿಡಿಯುವ ಮೊದಲು ಹಳೆಯದನ್ನು ಕಿತ್ತು ಹೊಸದನ್ನು ಹಾಕಿದರು. ಯಾಕೆಂದು ಯಾರೂ ಹೇಳಲಿಲ್ಲ, ನಮಗೂ ತಿಳಿಯಲಿಲ್ಲ. ಮುಂದಿನ ವಾಯಿದೆಗೆ ಸಾಹೇಬರು ಬರಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ. ಮೂರನೆಯದಕ್ಕೆ ಹೆಸರು ಕೂಗಿ, ದೂರುದಾರರು ಹಾಜರಿಲ್ಲವೆಂದು ಬರೆದು, ನಮ್ಮನ್ನು ಬಿಟ್ಟುಬಿಟ್ಟರು. ಒಂದು ನಿಮಿಷವೂ ಹಿಡಿಯಲಿಲ್ಲ. ನಾನು ಜಗಲಿಗೆ ಬಂದು ಅತ್ತೆ. ಉಸ್ಮಾನಾಕ ಮಾತ್ರ ಗೋಣಿ ಹಿಡಿದುಕೊಂಡು ಬಾಗಿಲಲ್ಲೇ ನಿಂತು, ವಕೀಲರ ಕೋಟಿನ ತೋಳು ಎಳೆದು ಕೇಳಿದರು:

"ಇಷ್ಟೆಯಾ? ನಾವು ಬರೆದದ್ದು ನಿಜ ಅಂತ ಎಲ್ಲಿಯಾದ್ರೂ ಬರೀತಾರಾ ಇವರು?"

"ಗೆದ್ದಿದ್ದೀರಿ ಮಾರಾಯ್ರೆ, ಇನ್ನೆಂತ ಬೇಕು ನಿಮಗೆ?"

"ಗೆದ್ದದ್ದಲ್ಲ. ನಿಜ ಅಂತ."

ಹಾಗೆ ಯಾರೂ ಬರೆಯಲಿಲ್ಲ. ಪತ್ರಿಕೆ ಇನ್ನೂ ಕೆಲವು ವರ್ಷ ಎದ್ದು ಬಿದ್ದು ನಡೆಯಿತು. ಪ್ಲಾಸ್ಟಿಕ್ ಚೀಲ ಬಂದು ಗೋಣಿ ಹೋಯಿತು, ಮೊಬೈಲು ಬಂದು ವಾರಪತ್ರಿಕೆ ಹೋಯಿತು. ಉಸ್ಮಾನಾಕ ತೀರಿಕೊಂಡು ಎಂಟು ವರ್ಷವಾಯಿತು. ಕೊನೆಗೊಮ್ಮೆ ನೋಡಲು ಹೋದಾಗಲೂ, "ಅವರು ಆ ದಿನ ಅಮ್ಮನಿಗೆ ಎಂತ ಹೇಳಿರಬಹುದು?" ಎಂದು ಕೇಳಿದ್ದರು.

ಇಷ್ಟು ಹೇಳುವಾಗ ಪ್ರತಿಮಾಳ ಚಾ ಆರಿಹೋಗಿತ್ತು. ಅವಳು ಹೇಳಿದ್ದು ಒಂದೇ. "ಅಕ್ಕ, ನಾನು ಆ ಆಫೀಸರನ್ನು ಕೇಳದೆಯೇ ಹಾಕಿದ್ದು. ಮುಚ್ಚಳ ಇಲ್ಲದ್ದು ನಿಜ. ಆದರೆ ಅವರನ್ನು ನಾನು ನೋಡಿಯೂ ಇಲ್ಲ."

"ಹಾಗಾದ್ರೆ ಹೋಗಿ ನೋಡು. ಅವರ ಮುಂದೆ ಹಾಕಿ ತೋರಿಸು."

"ಇಡೀ?"

"ಇಡೀ. ನೀನು ಕೈ ಬೀಸುವುದು ಸಹ."

ಅವಳು ಈಗ ನಕ್ಕಳು. ಡಿಲೀಟ್ ಮಾಡಲಿಲ್ಲ. ಅಧಿಕಾರಿಯ ಆಫೀಸಿಗೆ ಎರಡು ಸಲ ಹೋಗಿ ಬಂದಿದ್ದಾಳೆ, ಅವರು ಸಿಗಲಿಲ್ಲ. ನಾಳೆ ಮತ್ತೆ ಹೋಗುತ್ತಾಳಂತೆ. ಏನಾಗುತ್ತದೋ ಗೊತ್ತಿಲ್ಲ. ಕೋರ್ಟಿಗೆ ಹೋಗಬೇಕಾದರೆ ನೆರಳಿನ ಮೂಲೆ ಎಲ್ಲಿ ಎಂದು ತೋರಿಸಲಿಕ್ಕೆ ನಾನಿದ್ದೇನೆ.

ಅವಳು ಹೋದ ಮೇಲೆ ಇದನ್ನೆಲ್ಲ ಬರೆಯಲು ಕುಳಿತೆ. ಎರಡು ದಿನದಲ್ಲಿ ಮುಗಿಯಿತು. ಮುಗಿಸಿ ಕಾಗದ ಮಡಿಸುವಾಗ ಉಸ್ಮಾನಾಕ ಬಂದು ಎದುರು ನಿಂತ ಹಾಗಾಯಿತು. ಓದಿದ್ದಿಯಾ ಮಾರಾಯ್ತಿ? ಸಾಹೇಬರ ಹೆಸರು ಹಾಕಿಲ್ಲ, ಊರು ಹಾಕಿಲ್ಲ. ಆದರೆ ತನ್ನದೆಂದು ಅವರಿಗೆ ತಿಳಿಯದೇ ಇರುತ್ತದೆಯೇ?

ವಿಚಾರಿಸಿದೆ. ನಿವೃತ್ತರಾಗಿ ವಾಮಂಜೂರಿನಲ್ಲೇ ಮನೆ ಮಾಡಿದ್ದಾರಂತೆ. ನಾನು ಗದ್ದೆಯ ಹುಣಿಯಲ್ಲಿ, ಬದುವಿನ ಮೇಲೆ, ಓಡಾಡಿದ ಜಾಗದಲ್ಲಿ ಈಗ ಮನೆಗಳ ಸಾಲು. ನಿನ್ನೆ ಹೋಗಿದ್ದೆ. ಬಾಗಿಲು ತೆರೆದವರು ಅವರೇ. ಕೂದಲು ಪೂರ್ತಿ ಬೆಳ್ಳಗಾಗಿದೆ. ಗೋಡೆಯ ಮೇಲೆ ಅಮ್ಮನ ಫೋಟೋ, ಕನ್ನಡಕವಿಲ್ಲದ್ದು. ಅವರು ನನ್ನನ್ನು ಎರಡು ಕ್ಷಣ ನೋಡಿ, "ಮತ್ತೆ ಎಂತ ಓದ್ಲಿಕ್ಕೆ ಉಂಟು?" ಎಂದರು.

ಓದಿದೆ. ಗೋಣಿಯಿಂದ ಶುರುಮಾಡಿ, ಉಸ್ಮಾನಾಕ ತೀರಿಕೊಂಡದ್ದರವರೆಗೆ. ಆ ವಾಕ್ಯವನ್ನು ಎರಡು ಸಲ ಓದಬೇಕಾಯಿತು, ಎರಡು ಕಡೆ ಬಂದಿದೆಯಲ್ಲ. ಹಾರಲಿಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಹೇಳಿದರು:

"ಒಂದು ಕಡೆ ತಪ್ಪು ಉಂಟು. ನಾನು ಉತ್ತರ ಕೊಡ್ಲಿಲ್ಲ ಅಂತ ಬರೆದಿದ್ದೀರಿ. ಕೊಟ್ಟೆ. ನೀವು ಗೇಟು ದಾಟಿದ ಮೇಲೆ."

ನಾನು ಪೆನ್ನು ತೆಗೆದೆ.

"ನೋಡಿರಲಿಲ್ಲ ಅಂದೆ. ಅಮ್ಮ ಬೈಯಲಿಲ್ಲ. 'ಹಾಗಾದ್ರೆ ಈಗ ಹೋಗಿ ನೋಡು' ಅಂದ್ರು. ಆಗಲೇ ಹೋದೆ. ಪ್ಯಾಂಟು ಮಡಿಸಿ ತೋಡಿಗೆ ಇಳಿದೆ. ನೀವು ಬರೆದ ಹಾಗೆಯೇ ಇತ್ತು." "ಬಿದಿರು ಕಟ್ಟಿಸಿದ್ದು ನಾನೇ. ಕೇಸು ಹಿಂದೆ ತೆಗೆದುಕೊಳ್ಳುವಷ್ಟು ಧೈರ್ಯ ಮಾತ್ರ ಇರಲಿಲ್ಲ. ಸುಮ್ಮನೆ ಹೋಗದೆ ಉಳಿದೆ" ಎಂದರು. "ಇದನ್ನು ಹಾಕಿ. ಬಿಟ್ಟರೆ ನಿಮ್ಮದು ಮತ್ತೆ ಅರ್ಧ ಆಗ್ತದೆ. ಬರೆದದ್ದು ನಿಜ ಅಂತ ಅವರು ಕೇಳಿದ್ರಲ್ಲ, ಆ ಗೋಣಿಯವರು. ನಿಜವೇ. ನಾನು ಹೇಳಿದೆ ಅಂತ ಬರೀರಿ."

ಅಲ್ಲೇ ಕುಳಿತು ಬರೆದೆ. ಬರೆದದ್ದನ್ನು ಕ್ರಮದಂತೆ ಮತ್ತೆ ಓದಿದೆ. ಆ ದಿನ ಮಳೆ ಹನಿಯುತ್ತಿತ್ತು ಎಂದು ನನ್ನ ನೆನಪು, ಹಾಗಾಗಿ ಸಾಹೇಬರು ತಮ್ಮ ಕರಿಯ ಕೊಡೆ ಹಿಡಿದು ತೋಡಿಗೆ ಇಳಿದರು ಎಂದು ನಾನೇ ಒಂದು ಮಾತು ಸೇರಿಸಿದ್ದೆ. ಅವರು ಕೈ ಎತ್ತಿ ನಿಲ್ಲಿಸಿದರು. ಫೋಟೋದ ಕಡೆ ಒಮ್ಮೆ ನೋಡಿದರು. ಮುಖದಲ್ಲಿ ಒಂದು ನಗು ಬಂತು, ಸಣ್ಣ ಹುಡುಗರಿಗೆ ಬರುವಂಥದ್ದು.

"ಕರಿಯ ಕೊಡೆ ಅಲ್ಲ. ಅವಸರದಲ್ಲಿ ಕೈಗೆ ಸಿಕ್ಕಿದ್ದು ಅಮ್ಮನದ್ದು. ಗುಲಾಬಿ ಹೂವಿನ ಚಿತ್ರ ಇರುವ ಕೊಡೆ."

ತಿದ್ದಿದ್ದೇನೆ.